ಕನ್ನಡ ಧಾರಾವಾಹಿಗಳಲ್ಲಿ ನಿಗೂಢತೆ ಮತ್ತು ಪಾತ್ರ: ಶಿವಮೊಗ್ಗ–ಭದ್ರಾವತಿ ಸೀಮೆಯ ನೆಲೆಯಿಂದ

ಧಾರಾವಾಹಿಯ ನೋಡುಗರನ್ನು ಮುಂದಿನ ಕಂತಿನವರೆಗೆ ಕಾಯುವಂತೆ ಮಾಡುವ ಸಂಗತಿಗಳು ಎರಡು. ಒಂದು, ಮುಚ್ಚಿಟ್ಟ ವಿಷಯ: ಕೊಂದವರು ಯಾರು, ಮಗು ಯಾರದ್ದು, ಬೀಗ ಹಾಕಿದ ಕೋಣೆಯಲ್ಲಿ ಏನಿದೆ. ಇನ್ನೊಂದು, ನಮಗೆ ಹತ್ತಿರವಾಗಿಬಿಟ್ಟ ಒಬ್ಬ ವ್ಯಕ್ತಿ: ಅವಳಿಗೆ ಮುಂದೇನಾಗುತ್ತದೆ, ಈ ಮಾತನ್ನು ಅವನು ಹೇಗೆ ತಡೆದುಕೊಳ್ಳುತ್ತಾನೆ. ಮೊದಲನೆಯದನ್ನು ನಿಗೂಢತೆ ಎಂದೂ ಎರಡನೆಯದನ್ನು ಪಾತ್ರಪೋಷಣೆ ಎಂದೂ ಕರೆಯುವುದು ರೂಢಿ. ಕನ್ನಡ ಕಿರುತೆರೆಯಲ್ಲಿ ಇವೆರಡರ ನಂಟು ಬೆಳೆದ ಬಗೆಯನ್ನು ನೋಡಲು ಶಿವಮೊಗ್ಗ ನಗರ, ಭದ್ರಾವತಿ ಮತ್ತು ಅವುಗಳಿಗೆ ಹೊಂದಿಕೊಂಡ ಮಲೆನಾಡಿನ ತಾಲ್ಲೂಕುಗಳು ಒಳ್ಳೆಯ ನೆಲೆ. ದೇಶದ ಬಹು ಪ್ರಸಿದ್ಧ ಧಾರಾವಾಹಿಗಳಲ್ಲಿ ಒಂದು ಇಲ್ಲಿ ಚಿತ್ರೀಕರಣಗೊಂಡಿತು. ಕಾದಂಬರಿಗಳನ್ನು ಕಿರುತೆರೆಗೆ ತಂದ ಮುಖ್ಯ ನಿರ್ದೇಶಕರಲ್ಲೊಬ್ಬರು ಇಲ್ಲಿ ಹುಟ್ಟಿದರು. ಪತ್ತೇದಾರಿ ಚೌಕಟ್ಟಿನೊಳಗೆ ಇಡೀ ಊರನ್ನೇ ತುಂಬಿದ ಕನ್ನಡ ಕಾದಂಬರಿಯ ಲೇಖಕರೂ ಈ ಜಿಲ್ಲೆಯವರೇ.

ಹಿನ್ನೆಲೆ

ಟಿ.ವಿ. ಬರುವ ಮೊದಲೇ ಈ ಸೀಮೆಗೆ ಕಂತಿನ ಕಥೆಯ, ಕೇಳುವ ನಾಟಕದ ಅಭ್ಯಾಸವಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಪಾಳಿಯ ಮೇಲೆ ದುಡಿಯುವ, ಹಲವು ಕಡೆಗಳಿಂದ ಬಂದು ನೆಲೆಸಿದ ಕಾರ್ಮಿಕರ ಊರಿನಲ್ಲಿ ಹವ್ಯಾಸಿ ನಾಟಕ ಬೇರೂರಿತು. ಹಿರಿಯ ನಟ ದೊಡ್ಡಣ್ಣ ಈ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ನೌಕರಿಯಿಂದಲೇ ರಂಗಕ್ಕೂ ಚಿತ್ರರಂಗಕ್ಕೂ ಬಂದವರು. 1965ರಲ್ಲಿ ಆಕಾಶವಾಣಿಯ ಭದ್ರಾವತಿ ಕೇಂದ್ರ ಆರಂಭವಾಯಿತು. ರೇಡಿಯೊ ನಾಟಕದಲ್ಲಿ ಮುಖ ಕಾಣುವುದಿಲ್ಲ, ಮನೆ ಕಾಣುವುದಿಲ್ಲ. ದನಿಯ ಏರಿಳಿತದಿಂದಲೇ ಆಳನ್ನು ಗುರುತು ಹಿಡಿಯಬೇಕು. ಹೀಗೆ ಕಿವಿಯಿಂದ ಪಾತ್ರ ಕಟ್ಟಿಕೊಳ್ಳುವುದನ್ನು ಕಲಿತ ಶ್ರೋತೃಗಳೇ ಮುಂದೆ ಟಿ.ವಿ. ನೋಡುಗರಾದರು.

ಇನ್ನೂ ಹಳೆಯ ಪಾಠ ಯಕ್ಷಗಾನದ್ದು, ಅದರಲ್ಲೂ ತಾಳಮದ್ದಳೆಯದ್ದು. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆ ತಾಳಮದ್ದಳೆಗೆ ಕೂರುವವರಿಗೆ ಕಥೆಯ ಕೊನೆ ಮೊದಲೇ ಗೊತ್ತು. ಕರ್ಣ ಸಾಯುತ್ತಾನೆ, ವಾಲಿ ಸಾಯುತ್ತಾನೆ. ಆದರೂ ರಾತ್ರಿಯಿಡೀ ಕೂರುತ್ತಾರೆ, ಏಕೆಂದರೆ ಸಾಯುವ ಮೊದಲು ವಾಲಿ ರಾಮನಿಗೆ ಏನು ಕೇಳುತ್ತಾನೆ, ಇವತ್ತಿನ ಅರ್ಥಧಾರಿ ಅದನ್ನು ಹೇಗೆ ಕೇಳಿಸುತ್ತಾನೆ ಎಂಬುದು ಗೊತ್ತಿಲ್ಲ. ಘಟನೆಯಲ್ಲಿ ಗುಟ್ಟಿಲ್ಲ, ಇರುವುದು ಮನುಷ್ಯನ ಒಳಗೆ. ಕನ್ನಡದ ಒಳ್ಳೆಯ ಧಾರಾವಾಹಿಗಳ ಬೇರು ಪಾಶ್ಚಾತ್ಯ ಪತ್ತೇದಾರಿ ಕಥೆಗಿಂತ ಹೆಚ್ಚಾಗಿ ಇಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಪತ್ತೇದಾರಿಯ ಧಾರೆಯೇ ಇರಲಿಲ್ಲವೆಂದಲ್ಲ. ಎನ್. ನರಸಿಂಹಯ್ಯನವರ ಐನೂರಕ್ಕೂ ಹೆಚ್ಚು ಕಾದಂಬರಿಗಳು ಕರ್ನಾಟಕದ ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ಬಿಸಿ ದೋಸೆಯಂತೆ ಖರ್ಚಾದವು. ಎಷ್ಟೋ ಮಂದಿ ಓದು ಕಲಿತದ್ದೇ ಅವುಗಳಿಂದ. ಆದರೆ ಈ ಧಾರೆ ಕಿರುತೆರೆಗೆ ನೇರವಾಗಿ ಹರಿದದ್ದು ಕಡಿಮೆ.

ಮಾಲ್ಗುಡಿ ಡೇಸ್

ಶಂಕರ್ ನಾಗ್ ನಿರ್ದೇಶಿಸಿ, ಟಿ.ಎಸ್. ನರಸಿಂಹನ್ ನಿರ್ಮಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಬಂತು. ಆರ್.ಕೆ. ನಾರಾಯಣ್ ಅವರ ಕಥೆಗಳು, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ. ಭಾಷೆ ಹಿಂದಿ, ಆರಂಭದ ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು. ಆದರೆ ನೆಲ, ಮಳೆ, ಹಂಚಿನ ಮಾಡು, ಬಹುಪಾಲು ಮುಖಗಳು ಕನ್ನಡದವು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಬೀದಿ ಮಾಲ್ಗುಡಿಯ ಬೀದಿಯಾಯಿತು. ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಹೊರಾಂಗಣ ಚಿತ್ರೀಕರಣ ನಡೆಸುವುದು ಸಣ್ಣ ಮಾತಲ್ಲ. ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದ ಅರಸಾಳು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡಿತು. ಆ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ನೈಋತ್ಯ ರೈಲ್ವೆ ಅಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ತೆರೆಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ್ ಕಾರ್ನಾಡ್ ತಂದೆಯಾಗಿ, ವೈಶಾಲಿ ಕಾಸರವಳ್ಳಿ ತಾಯಿಯಾಗಿ ಅಭಿನಯಿಸಿದರು.

ಈ ಸರಣಿಯನ್ನು ಎಲ್ಲರೂ ಮುಗ್ಧತೆಗೆ, ಹಳೆಯ ನೆನಪಿಗೆ ಜೋಡಿಸುತ್ತಾರೆ. ಅದರಲ್ಲಿ ಗುಟ್ಟಿನ ಕಥೆಗಳು ಎಷ್ಟಿವೆ ಎಂಬುದು ಗಮನಕ್ಕೆ ಬರುವುದು ಕಡಿಮೆ. ಎರಡನ್ನು ಹತ್ತಿರದಿಂದ ನೋಡಬೇಕು.

‘ಲೀಲಾಸ್ ಫ್ರೆಂಡ್’ ಕಥೆಯಲ್ಲಿ ಮನೆಗೆಲಸಕ್ಕೆ ಸೇರಿದ ಸಿದ್ದನಿಗೂ ಐದು ವರ್ಷದ ಲೀಲಾಳಿಗೂ ಸ್ನೇಹ ಬೆಳೆಯುತ್ತದೆ. ಚೆಂಡನ್ನು ಮೇಲಕ್ಕೆಸೆದು ಅದು ಚಂದ್ರನನ್ನು ಮುಟ್ಟಿ ಬಂತು ಎಂದು ಅವನು ಹೇಳಿದರೆ ಮಗು ನಂಬುತ್ತದೆ. ಒಂದು ದಿನ ಅವಳ ಚಿನ್ನದ ಸರ ಕಾಣೆಯಾಗುತ್ತದೆ, ಸಿದ್ದನೂ ಕಾಣೆಯಾಗುತ್ತಾನೆ. ಅವನು ಹಿಂದೆ ಜೈಲಿಗೆ ಹೋಗಿ ಬಂದವನೆಂದು ಪೊಲೀಸರು ತಿಳಿಸಿ, ಅವನನ್ನು ಹಿಡಿಯುತ್ತಾರೆ. ಇಲ್ಲಿಗೆ ಇದು ನೇರವಾದ ಕಳ್ಳತನದ ಕಥೆ. ಕೆಲವು ದಿನಗಳ ಮೇಲೆ ಹುಣಸೆಹಣ್ಣಿನ ಪಾತ್ರೆಯಲ್ಲಿ ತಾಯಿಯ ಕೈಗೆ ಸರ ಸಿಗುತ್ತದೆ. ಅದನ್ನು ಅಲ್ಲಿ ಹಾಕಿದ್ದು ಮಗುವೇ. ಒಗಟು ಬಿಡಿಸಿದಂತಾಯಿತು. ಆದರೆ ಸಿದ್ದನನ್ನು ಬಿಡಿಸುವ ಮಾತಿನ ಜೊತೆಗೇ ಮನೆಯ ಯಜಮಾನ, ಏನೇ ಆದರೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದು ಎಂದುಬಿಡುತ್ತಾನೆ. ಸರ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೂ ಈ ಮನೆಯವರು ಎಂಥವರು ಎಂಬ ಪ್ರಶ್ನೆ ಆಗಷ್ಟೇ ಬಾಯಿ ಬಿಡುತ್ತದೆ. ಅದುವರೆಗೆ ಆ ಯಜಮಾನ ನಮಗೆ ಸಭ್ಯನಾಗಿಯೇ ಕಂಡಿದ್ದ. ಕಳುವಿನ ಕಥೆ ಇಲ್ಲದಿದ್ದರೆ ಅವನ ಒಳಗು ಹೊರಬೀಳುತ್ತಿರಲಿಲ್ಲ.

‘ದಿ ಮಿಸ್ಸಿಂಗ್ ಮೇಲ್’ ಇನ್ನೊಂದು ಬಗೆಯದು. ಅಂಚೆಯವ ತಾನಪ್ಪ ಬೀದಿಯ ಎಲ್ಲರ ಮನೆಯ ಕಷ್ಟಸುಖ ಬಲ್ಲವನು. ರಾಮಾನುಜಂ ಮಗಳ ಮದುವೆ ಬಹಳ ಕಷ್ಟಪಟ್ಟು ಗೊತ್ತಾಗಿದೆ. ಆ ಮುಹೂರ್ತ ತಪ್ಪಿದರೆ ಸಂಬಂಧವೇ ತಪ್ಪುತ್ತದೆ. ಅದೇ ಹೊತ್ತಿಗೆ ಆ ಮನೆಯ ಹತ್ತಿರದ ನೆಂಟರೊಬ್ಬರ ಕಾಯಿಲೆಯ ಕಾಗದವೂ, ಮರುದಿನ ಸಾವಿನ ತಂತಿಯೂ ಬರುತ್ತವೆ. ತಾನಪ್ಪ ಎರಡನ್ನೂ ಕೊಡದೆ ಇಟ್ಟುಕೊಳ್ಳುತ್ತಾನೆ. ಇಲ್ಲಿ ನೋಡುಗರಿಗೆ ಗುಟ್ಟಿಲ್ಲ, ಗುಟ್ಟು ಇರುವುದು ಮದುವೆಮನೆಯವರಿಗೆ. ಏನಾಯಿತು ಎಂದು ತಿಳಿಯುವ ಕುತೂಹಲ ಹೋಗಿ, ತಿಳಿದಾಗ ಅವರು ಈ ಮನುಷ್ಯನನ್ನು ಏನು ಮಾಡುತ್ತಾರೆ ಎಂಬ ಆತಂಕ ಬರುತ್ತದೆ. ನೌಕರಿ ಹೋಗಬಹುದೆಂದು ತಿಳಿದೂ ಅವನು ಹಾಗೆ ಮಾಡಿದ. ಪಾತ್ರದ ಸ್ವಭಾವದಿಂದಲೇ ಗುಟ್ಟು ಹುಟ್ಟಿದ್ದರಿಂದ ಕಥೆಗೆ ಬೇರೆ ತಿರುವು ಬೇಕಾಗುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕಥೆಯ ಬೋಬಣ್ಣನಿಗೂ ಅಂಚೆಯೇ ಆಧಾರ, ಅವನಿಗೂ ಇನ್ನೊಬ್ಬರ ಕಾಗದದ ಗುಟ್ಟು ಕೈಗೆ ಸಿಗುತ್ತದೆ. ಆದರೆ ತಾನಪ್ಪನ ಸಂಯಮ ಅವನಲ್ಲಿಲ್ಲ. ಒಂದೇ ಉದ್ಯೋಗ, ಒಂದೇ ಬಗೆಯ ಗುಟ್ಟು. ಆಳು ಬೇರೆಯಾದ್ದರಿಂದ ಕಥೆ ಪೂರಾ ಬೇರೆಯಾಯಿತು.

ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. 2006ರಲ್ಲಿ ಸರಣಿಗೆ 15 ಹೊಸ ಕಂತುಗಳನ್ನು ಸೇರಿಸಿದವರು ಕವಿತಾ ಲಂಕೇಶ್. ಅವರ ತಂದೆ ಪಿ. ಲಂಕೇಶ್ ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯವರು.

ಭೂತದ ಗುಡ್ಡ, ಏಲಕ್ಕಿಯ ಊರು

1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಕನ್ನಡದ ನಿಗೂಢ ಧಾರಾವಾಹಿಗಳ ಮಾತು ಬಂದಾಗಲೆಲ್ಲ ಮೊದಲು ಬಾಯಿಗೆ ಬರುವ ಹೆಸರು. ನಟ ಪ್ರಕಾಶ್ ರೈ ಅವರನ್ನು ಮನೆಮನೆಗೆ ಪರಿಚಯಿಸಿದ ಈ ಸರಣಿಯಲ್ಲಿ ಒಂದು ಗುಡ್ಡದ ಬಗ್ಗೆ ಊರವರಿಗಿರುವ ಭಯವೇ ಕಥೆಯ ಬೆನ್ನೆಲುಬು. ಕರಾವಳಿಯ ಕಥೆಯಾದರೂ ಆಗುಂಬೆ ಘಾಟಿಯ ಮೇಲಿನವರಿಗೆ ಅದು ಹೊರಗಿನದೆನಿಸಲಿಲ್ಲ. ಭೂತ, ಚೌಡಿ, ಪಂಜುರ್ಲಿಗಳ ನಂಬಿಕೆ ಘಾಟಿಯ ಎರಡೂ ಬದಿಗೆ ಇದೆ. ಅದರ ಶೀರ್ಷಿಕೆ ಗೀತೆ ಆ ಕಾಲದ ಮಕ್ಕಳ ನೆನಪಿನಲ್ಲಿ ಈಗಲೂ ಉಳಿದಿದೆ.

ಕುಪ್ಪಳಿಯ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಇದಕ್ಕಿಂತ ಜಟಿಲ. ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಏಲಕ್ಕಿ ಬೆಳೆ ಕುಸಿಯುತ್ತಿದೆ, ಏಲಕ್ಕಿ ಸಂಶೋಧಕ ಜೋಗಿಹಾಳರ ಸಾವಿನ ಸುತ್ತ ಅನುಮಾನವಿದೆ, ಗುಪ್ತಚರ ಇಲಾಖೆಯ ಅಂಗಾಡಿ ಕೆಸರೂರಿಗೆ ಬಂದು ವಿಚಾರಿಸುತ್ತಾನೆ. ಇಷ್ಟು ಕೇಳಿದರೆ ಇದು ಪತ್ತೇದಾರಿಯೇ. ಆದರೆ ಅಂಗಾಡಿ ಒಂದು ಎಳೆ ಹಿಡಿದು ಎಳೆದಂತೆಲ್ಲ ಹೊರಬರುವುದು ಊರಿನ ಜಾತಿ, ಮತ, ಪ್ರೀತಿ, ಹಳೆಯ ಜಿದ್ದು. ಕೊನೆಗೆ ಅಪರಾಧಿ ಯಾರೆಂಬ ಪ್ರಶ್ನೆಯನ್ನೇ ಊರಿನ ಬೆಂಕಿ ನುಂಗಿಬಿಡುತ್ತದೆ. ಗಿರೀಶ್ ಕಾರ್ನಾಡರು ಇದನ್ನು 2005ರಲ್ಲಿ ದೂರದರ್ಶನಕ್ಕಾಗಿ ಟೆಲಿಚಿತ್ರವಾಗಿಸಿದರು. ಹತ್ತಾರು ಕಂತಿನ ಸರಣಿಗೆ ಹೇಳಿಮಾಡಿಸಿದ ವಸ್ತು ಇದು. ಊರಿನ ಅಷ್ಟೂ ಜನಕ್ಕೆ ತಲಾ ಒಂದು ಕಂತು ಕೊಟ್ಟರೂ ಮಿಕ್ಕೀತು.

ಶಿವಮೊಗ್ಗ ನಗರದ ಮನೋವೈದ್ಯ ಡಾ. ಕೆ.ಎ. ಅಶೋಕ ಪೈ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಅವರ ಕಥೆಯನ್ನಾಧರಿಸಿ ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ (1988) ಸಿನಿಮಾ, ಧಾರಾವಾಹಿಯಲ್ಲ. ಆದರೆ ವ್ಯಕ್ತಿಯ ವಿಚಿತ್ರ ವರ್ತನೆಯೇ ಒಗಟು, ಅವನ ಮನಸ್ಸಿನ ಹಿಂದಿನ ಗಾಯವೇ ಅದರ ಉತ್ತರ ಎಂಬ ಮಾದರಿಯನ್ನು ಅದು ಕನ್ನಡದ ನೋಡುಗರಿಗೆ ಪರಿಚಯ ಮಾಡಿಸಿತು. ದೆವ್ವ ಹಿಡಿದಿದೆ ಎನ್ನುವಲ್ಲಿ ಕಾಯಿಲೆ ಎಂದು ಹೇಳುವುದೂ ಒಂದು ರಹಸ್ಯ ಬಿಡಿಸುವ ಕೆಲಸವೇ, ಅದೂ ರೋಗಿಯ ಬಗ್ಗೆ ಕರುಣೆ ಬಿಡದೆ.

ಗುಟ್ಟಿಲ್ಲದ ಧಾರಾವಾಹಿ

ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಗಿರೀಶ್ ಕಾಸರವಳ್ಳಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಈಟಿವಿ ಕನ್ನಡಕ್ಕಾಗಿ ಧಾರಾವಾಹಿಯಾಗಿಸಿದಾಗ (2003–04) ಅದರಲ್ಲಿ ಕುತೂಹಲ ಕೆರಳಿಸುವ ತಂತ್ರ ಒಂದೂ ಇರಲಿಲ್ಲ. ಕಾದಂಬರಿ ಓದಿದ ಸಾವಿರಾರು ಮಂದಿಗೆ ಪ್ಲೇಗಿನ ಸಂಗತಿಯೂ ನಂಜಮ್ಮನ ಗತಿಯೂ ಗೊತ್ತಿತ್ತು. ಕೈಲಾಗದ ಗಂಡ ಚೆನ್ನಿಗರಾಯ, ಬಾಯಿಬಡುಕಿ ಅತ್ತೆ ಗಂಗಮ್ಮ, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ನಡೆಸುವ ನಂಜಮ್ಮ: ಇವರನ್ನು ನೋಡಲೆಂದೇ ಜನ ಕೂತರು. ಇವತ್ತು ಅವಳು ಏನನ್ನು ಸಹಿಸಬೇಕಾಗುತ್ತದೆ, ಹೇಗೆ ಎದ್ದು ನಿಲ್ಲುತ್ತಾಳೆ ಎಂಬುದೇ ಸಾಕಾಯಿತು. ತಾಳಮದ್ದಳೆಯ ತತ್ತ್ವ ಕಿರುತೆರೆಯಲ್ಲಿ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ‘ಮೂಡಲ ಮನೆ’, ‘ಮುತ್ತಿನ ತೋರಣ’ಗಳೂ ಇದೇ ಬಗೆಯ ಸಂಸಾರ ಕಥನಗಳು.

ಇಂಥ ಧಾರಾವಾಹಿಗಳಿಗೆ ನಟರು ಬೇಕು, ಮತ್ತು ಆ ನಟರು ಹಠಾತ್ತನೆ ಹುಟ್ಟುವುದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್, 1980ರಲ್ಲಿ ಅದರ ಅಡಿಯಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿದ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ಸುತ್ತುವ ತಿರುಗಾಟ, ಮುಂದೆ ಶಿವಮೊಗ್ಗದಲ್ಲಿ ನೆಲೆಗೊಂಡ ರಂಗಾಯಣ: ಕನ್ನಡ ಕಿರುತೆರೆಯ ಪೋಷಕ ಪಾತ್ರಗಳಲ್ಲಿ ಮಿಂಚಿದ ಎಷ್ಟೋ ಮುಖಗಳ ಹಿಂದೆ ಇಂಥ ಶಾಲೆಗಳ ತಾಲೀಮಿದೆ. ನೀನಾಸಮ್‌ನಿಂದ ಬಂದ ಅಚ್ಯುತ್ ಕುಮಾರ್ ಧಾರಾವಾಹಿಗಳಲ್ಲಿ ಅಭಿನಯಿಸಿ ನಂತರ ಚಿತ್ರರಂಗದಲ್ಲಿ ನೆಲೆ ಕಂಡುಕೊಂಡರು.

ಪಾಟೀಸವಾಲು

ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶನದ ‘ಮಾಯಾಮೃಗ’ (1998) ದೂರದರ್ಶನದಲ್ಲಿ ದಿನದ ಧಾರಾವಾಹಿಗೆ ಗೌರವ ತಂದಿತು. ಮುಂದೆ ಸೀತಾರಾಂ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, ‘ಮಗಳು ಜಾನಕಿ’ಗಳಲ್ಲಿ ನ್ಯಾಯಾಲಯವನ್ನು ಕಥೆಯ ನಡುಮನೆಯಾಗಿಸಿದರು. ಸ್ವತಃ ವಕೀಲ ಸಿಎಸ್‌ಪಿಯಾಗಿ ನಟಿಸಿದ ಅವರ ದೃಶ್ಯಗಳಲ್ಲಿ ಪಾಟೀಸವಾಲಿಗೆ ಎರಡು ಕೆಲಸ. ಒಂದೊಂದು ಪ್ರಶ್ನೆಯೂ ಪ್ರಕರಣದ ಗುಟ್ಟನ್ನು ಒಂದು ಅಂಗುಲ ತೆರೆಯುತ್ತದೆ, ಅದೇ ಪ್ರಶ್ನೆಗೆ ಸಾಕ್ಷಿ ತಡವರಿಸುವ ರೀತಿ ಅವನ ಮನಸ್ಸನ್ನು ತೆರೆಯುತ್ತದೆ. ಶಿವಮೊಗ್ಗ, ಭದ್ರಾವತಿಗಳಂಥ, ಕೋರ್ಟು, ಜಮೀನು ವ್ಯಾಜ್ಯ, ಕಾರ್ಮಿಕ ಹೋರಾಟಗಳನ್ನು ಬಲ್ಲ ಊರುಗಳ ಜನಕ್ಕೆ ಈ ಭಾಷೆ ಪರಕೀಯವಾಗಿರಲಿಲ್ಲ. ನಿಗೂಢತೆ ಮತ್ತು ಪಾತ್ರ ಒಂದೇ ಮಾತಿನಲ್ಲಿ ಕೆಲಸ ಮಾಡುವ ಇಷ್ಟು ಅನುಕೂಲದ ರಂಗ ಕನ್ನಡ ಧಾರಾವಾಹಿಗೆ ಬೇರೆ ಸಿಕ್ಕಿಲ್ಲ.

ಉದ್ದದ ಸಮಸ್ಯೆ

ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ, ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಬಂದವು. ವಾರಕ್ಕೊಂದು ಕಂತು ಹೋಗಿ ವಾರಕ್ಕೆ ಐದಾರು ಕಂತುಗಳಾದವು. ಹದಿಮೂರು ಕಂತಿಗೆ ಮುಗಿಯಬೇಕಿದ್ದ ಕಥೆ ಸಾವಿರದ ಗಡಿ ದಾಟಿತು. ಮುಂದಿನ ಕಂತುಗಳು ಏನಾಗಬೇಕೆಂಬುದನ್ನು ವಾರವಾರದ ಟಿಆರ್‌ಪಿ ತೀರ್ಮಾನಿಸತೊಡಗಿತು. ಕಥೆ ನಿಲ್ಲಿಸುವ ದಿನ ಗೊತ್ತಿಲ್ಲದ ಬರಹಗಾರನಿಗೆ ಗುಟ್ಟನ್ನು ಯಾವಾಗ ಒಡೆಯಬೇಕೆಂಬುದೂ ಗೊತ್ತಿರುವುದಿಲ್ಲ. ಆಗ ಆಗುವುದು ಇಷ್ಟು: ಸತ್ಯ ತಿಳಿದವರು ಬಾಯಿ ತೆರೆಯುವ ಹೊತ್ತಿಗೆ ಫೋನು ಬರುತ್ತದೆ, ಪತ್ರ ಗಾಳಿಗೆ ಹಾರುತ್ತದೆ, ಹೇಳಬೇಕಾದವರು ಕೋಮಾಕ್ಕೆ ಹೋಗುತ್ತಾರೆ. ‘ಎಳೀತಿದಾರೆ’ ಎಂದು ಮನೆಮಂದಿ ಹೇಳುವುದು ಈ ಸ್ಥಿತಿಯನ್ನೇ. ಇಲ್ಲಿ ಮೊದಲು ಪೆಟ್ಟು ತಿನ್ನುವುದು ಪಾತ್ರ. ಬುದ್ಧಿವಂತೆಯಾಗಿದ್ದ ನಾಯಕಿ ಗುಟ್ಟು ಉಳಿಯಲೆಂದು ದಡ್ಡಿಯಾಗುತ್ತಾಳೆ. ಕೇಳಬೇಕಾದ ಸರಳ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಆರೂರು ಜಗದೀಶ್ ನಿರ್ದೇಶನದಲ್ಲಿ ಜೀ ಕನ್ನಡದಲ್ಲಿ ಬಂದ ‘ಜೊತೆ ಜೊತೆಯಲಿ’ (2019–2023) ಇದಕ್ಕೆ ಒಳ್ಳೆಯ ನಿದರ್ಶನ. ಮರಾಠಿಯ ‘ತುಲಾ ಪಾಹತೇ ರೇ’ ಅದರ ಮೂಲ. ವಯಸ್ಸಿನಲ್ಲಿ ಬಹಳ ಅಂತರವಿರುವ ಉದ್ಯಮಿ ಆರ್ಯವರ್ಧನ್ ಮತ್ತು ಮಧ್ಯಮ ವರ್ಗದ ಅನು ಸಿರಿಮನೆಯ ಪ್ರೇಮವಾಗಿ ಆರಂಭವಾದಾಗ ಅದರ ಬಲ ಪೂರ್ತಿ ಪಾತ್ರದಲ್ಲಿತ್ತು: ಅನುವಿನ ಅಪ್ಪ–ಅಮ್ಮನ ಮರ್ಯಾದೆಯ ಚಿಂತೆ, ಆರ್ಯನ ಹಿಂಜರಿಕೆ. ನಂತರ ಮೊದಲ ಹೆಂಡತಿ ರಾಜನಂದಿನಿಯ ಸಾವಿನ ರಹಸ್ಯ ಬಂತು, ಅದರ ಹಿಂದೆ ಪುನರ್ಜನ್ಮ ಬಂತು. ಪ್ರೇಮಿಯೆಂದು ನಂಬಿದವನೇ ಅಪರಾಧಿಯಿರಬಹುದೆಂಬ ಅನುಮಾನ ನಿಜಕ್ಕೂ ಗಟ್ಟಿ ನಾಟಕೀಯ ವಸ್ತು, ಏಕೆಂದರೆ ಅದು ಅನುವಿನ ಪ್ರೀತಿಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ಆದರೆ ಅವಳೇ ರಾಜನಂದಿನಿ ಎಂದಾದ ಮೇಲೆ ಅನು ಎಂಬ ಹುಡುಗಿ ಹಿಂದೆ ಸರಿದಳು. ನಡುವೆ 2022ರಲ್ಲಿ ನಾಯಕನಟರೇ ಬದಲಾದರು. ಒಗಟನ್ನು ಇನ್ನೊಬ್ಬ ನಟನಿಗೆ ವರ್ಗಾಯಿಸಬಹುದು. ಮೂರು ವರ್ಷ ನೋಡಿ ಹತ್ತಿರವಾದ ಮುಖವನ್ನು ವರ್ಗಾಯಿಸುವುದು ಅಷ್ಟು ಸುಲಭವಲ್ಲ.

ಈ ಪೇಚಾಟ ಕನ್ನಡದ್ದು ಮಾತ್ರವಲ್ಲ. ಅಮೆರಿಕದ ‘ಟ್ವಿನ್ ಪೀಕ್ಸ್’ 1990ರ ಏಪ್ರಿಲ್‌ನಲ್ಲಿ ಲಾರಾ ಪಾಮರ್‌ಳನ್ನು ಕೊಂದವರು ಯಾರೆಂದು ಕೇಳಿತು. ವಾಹಿನಿಯ ಒತ್ತಡಕ್ಕೆ ಅದೇ ವರ್ಷ ಉತ್ತರ ಹೇಳಬೇಕಾಯಿತು, ನೋಡುಗರು ಕರಗಿ 1991ರಲ್ಲಿ ಸರಣಿ ನಿಂತಿತು. ‘ಲಾಸ್ಟ್’ (2004–2010) ಆರು ಸೀಸನ್‌ಗಳುದ್ದಕ್ಕೂ ಒಗಟಿನ ಮೇಲೆ ಒಗಟು ಪೇರಿಸಿ, ಎಲ್ಲಕ್ಕೂ ಉತ್ತರ ಕೊಡಲಿಲ್ಲವೆಂಬ ದೂರು ಹೊತ್ತುಕೊಂಡಿತು. ಬ್ರಿಟನ್ನಿನ ‘ಬ್ರಾಡ್‌ಚರ್ಚ್’ (2013) ಎಂಟೇ ಕಂತುಗಳಲ್ಲಿ ಕೊಲೆಗಾರನನ್ನು ತೋರಿಸಿತು. ಸಣ್ಣ ಊರೊಂದರ ಜನ ಒಬ್ಬರನ್ನೊಬ್ಬರು ಅನುಮಾನಿಸತೊಡಗುವುದೇ ಅದರ ವಸ್ತು, ತೇಜಸ್ವಿಯವರ ಕೆಸರೂರಿನ ಹಾಗೆ.

ನೋಡುವ ಪರಿಸ್ಥಿತಿಯನ್ನೂ ಮರೆಯಬಾರದು. ಆಷಾಢದಲ್ಲಿ ಮಲೆನಾಡಿನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಎರಡನೆಯ ಪಾಳಿಗೆ ಹೋದವರಿಗೆ ರಾತ್ರಿಯ ಕಂತು ಸಿಗದು. ಒಗಟನ್ನೇ ನಂಬಿದ ಧಾರಾವಾಹಿಯಲ್ಲಿ ಒಂದು ಕಂತು ತಪ್ಪಿದರೆ ಎಳೆ ತಪ್ಪುತ್ತದೆ. ಪಾತ್ರವನ್ನು ನಂಬಿದ್ದರೆ ನಾಲ್ಕು ದಿನ ಬಿಟ್ಟು ಬಂದರೂ ಆ ಮನೆಯವರು ಗುರುತು ಸಿಗುತ್ತಾರೆ. ದಿನದ ಧಾರಾವಾಹಿಗಳು ಕೊಲೆಗಿಂತ ಕುಟುಂಬವನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ವೆಬ್ ಸರಣಿಗಳು

ಮೊಬೈಲಿಗೆ ಬಂದ ಸರಣಿಗಳು ಉದ್ದದ ಸಮಸ್ಯೆಯನ್ನು ಕಡಿಮೆ ಮಾಡಿವೆ. ರಮೇಶ್ ಇಂದಿರಾ ನಿರ್ದೇಶಿಸಿ, ಶ್ರುತಿ ನಾಯ್ಡು ನಿರ್ಮಿಸಿದ ‘ಅಯ್ಯನ ಮನೆ’ 2025ರ ಏಪ್ರಿಲ್‌ನಲ್ಲಿ ಜೀ5ರಲ್ಲಿ ಏಳು ಕಂತುಗಳಾಗಿ ಬಂತು. ಪಕ್ಕದ ಚಿಕ್ಕಮಗಳೂರಿನ ಹಳೆಯ ಮನೆ, ಸೊಸೆಯರ ಸಾವು, ಮನೆದೇವರು ಕೊಂಡಯ್ಯನ ಭಯ. ಹೊಸ ಸೊಸೆ ಜಾಜಿಯಾಗಿ ಖುಷಿ ರವಿ, ಅತ್ತೆಯಾಗಿ ಮಾನಸಿ ಸುಧೀರ್. ಅತ್ತೆ–ಸೊಸೆಯರ ಸಂಬಂಧ ಕನ್ನಡ ಧಾರಾವಾಹಿ ಮೂವತ್ತು ವರ್ಷ ತಿರುವಿ ಹಾಕಿದ ವಸ್ತು. ಇಲ್ಲಿ ಅದೇ ಸಂಬಂಧ ಅನುಮಾನದ ತಾಣವಾಗುತ್ತದೆ, ದಿನದ ಧಾರಾವಾಹಿಯಲ್ಲಿ ಪಳಗಿದ ಕೈಗಳೇ ಇದನ್ನು ಕಟ್ಟಿವೆ ಎಂಬುದು ಗಮನಾರ್ಹ. ಅದೇ ವರ್ಷ ‘ಶೋಧ’, ಮತ್ತು 1990ರ ದಶಕದ ಶಿರಸಿಯ ಹಿನ್ನೆಲೆಯ ‘ಮಾರಿಗಲ್ಲು’ ಬಂದವು.

ಎಲ್ಲರಿಗೂ ಈ ದಾರಿ ಸಲೀಸಾಗಿರಲಿಲ್ಲ. ತುಳುನಾಡಿನ ಏಳು ಕಥೆಗಳ ‘ಏಕಂ’ ಕೊಳ್ಳಲು ದೊಡ್ಡ ವೇದಿಕೆಗಳು ಮುಂದೆ ಬರದೆ, ತಂಡವೇ 2024ರ ಜುಲೈನಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಮನುಷ್ಯರನ್ನು ನಿಧಾನವಾಗಿ ಪರಿಚಯಿಸುವ ಸರಣಿಗೆ ಕೊಳ್ಳುವವರು ಕಡಿಮೆ, ಸಾವಿನಿಂದ ಶುರುವಾಗುವ ಸರಣಿಗೆ ಬಾಗಿಲು ಬೇಗ ತೆರೆಯುತ್ತದೆ. ಆದ್ದರಿಂದ ಸದ್ಯದ ಕನ್ನಡ ಬರಹಗಾರರು ಮನುಷ್ಯರ ಕಥೆಯನ್ನು ಕೊಲೆಯ ಕಥೆಯೊಳಗಿಟ್ಟು ಸಾಗಿಸುತ್ತಿದ್ದಾರೆ. ತೇಜಸ್ವಿ 1985ರಲ್ಲೇ ಮಾಡಿ ತೋರಿಸಿದ್ದು ಇದನ್ನೇ. ಅವರ ‘ಜುಗಾರಿ ಕ್ರಾಸ್’ ಕೂಡ ಇದೇ ಹಾದಿಯದು, ಸಾಗುವಳಿದಾರ ದಂಪತಿಯ ಒಂದು ದಿನದ ಪಯಣದೊಳಗೆ ಕಾಡಿನ ಮಾಫಿಯಾದ ಕಥೆ ಹೇಳುವಂಥದ್ದು. ಆರೇಳು ಕಂತಿನ ಸರಣಿಯ ಅಳತೆಗೆ ಅದು ಈಗಲೂ ಸರಿಯಾಗಿ ಹೊಂದುತ್ತದೆ.